ಸ್ವಾಪಿನೆಸ್ 10ಕ್ಕೆ ಇಳಿಸುವ ಮುಂಚೆ

ಮನೆಯ ಹಳೇ ಲ್ಯಾಪ್‌ಟಾಪ್‌ನಲ್ಲಿ ಇರುವುದು 4 ಜಿಬಿ ರ‍್ಯಾಮ್, ಒಂದು ಹಾರ್ಡ್ ಡಿಸ್ಕ್, ಅದರ ಮೇಲೆ ಲಿನಕ್ಸ್ ಮಿಂಟ್ ಅನ್ನುವ ಆಪರೇಟಿಂಗ್ ಸಿಸ್ಟಮ್. ಬ್ರೌಸರ್‌ನಲ್ಲಿ ಏಳೆಂಟು ಟ್ಯಾಬ್ ತೆಗೆದು ಜೊತೆಗೆ ಲಿಬ್ರೆ ಆಫೀಸ್ ಶುರು ಮಾಡಿದರೆ ಸಾಕು, ಡಿಸ್ಕ್ ಲೈಟ್ ಆರದೆ ಉರಿಯುತ್ತಿತ್ತು, ಮೌಸ್ ಕೂಡ ಅಲ್ಲಾಡುತ್ತಿರಲಿಲ್ಲ.

ನೆಟ್‌ನಲ್ಲಿ ಹುಡುಕಿದರೆ ಬಹಳ ಕಡೆ ಒಂದೇ ಸಲಹೆ. ಸ್ವಾಪಿನೆಸ್ (ಮೆಮೊರಿಯ ಡೇಟಾವನ್ನು ಡಿಸ್ಕ್‌ಗೆ ಸರಿಸಿಡುವ ‘ಸ್ವಾಪ್’ ಎಷ್ಟು ನಡೆಯಬೇಕು ಅನ್ನುವ ಸೆಟ್ಟಿಂಗ್) 60 ಇರುತ್ತದೆ, 10 ಮಾಡಿ. ಮಾಡಿದೆ. ಒದ್ದಾಟ ಇನ್ನೂ ಜಾಸ್ತಿಯಾಯಿತು.

ರ‍್ಯಾಮ್ ಶೇಕಡಾ 60 ತುಂಬಿದ ಮೇಲೆ ಸ್ವಾಪ್ ಶುರುವಾಗುತ್ತದೆ ಅಂತ ತುಂಬಾ ಜನ ನಂಬಿದ್ದಾರೆ, ಅದು ತಪ್ಪು. ಜಾಗ ಸಾಲದೇ ಹೋದಾಗ ಕರ್ನಲ್, ಅಂದರೆ ಲಿನಕ್ಸ್‌ನ ತಿರುಳು ಭಾಗ, ಏನನ್ನಾದರೂ ಹೊರಗೆ ಹಾಕಲೇಬೇಕು: ಪ್ರೋಗ್ರಾಂಗಳು ಕೆಲಸಕ್ಕೆ ಇಟ್ಟುಕೊಂಡ ಡೇಟಾ, ಇಲ್ಲವೇ ಡಿಸ್ಕ್‌ನಿಂದ ಓದಿಟ್ಟ ಫೈಲ್‌ಗಳ ಕ್ಯಾಶ್. ಯಾವುದರ ಮೇಲೆ ಎಷ್ಟು ಕೈ ಹಾಕಬೇಕು ಅನ್ನುವ ತೂಕ ಆ ಸಂಖ್ಯೆ. 10 ಮಾಡಿದರೆ ಪೆಟ್ಟು ಬೀಳುವುದು ಹೆಚ್ಚಾಗಿ ಕ್ಯಾಶ್‌ಗೆ. ಬ್ರೌಸರ್‌ನ ಕೋಡ್ ಇರುವುದೂ ಅದೇ ಕ್ಯಾಶ್‌ನಲ್ಲಿ ಅಲ್ವಾ? ಅದನ್ನೇ ಎಸೆದು, ಮರುಕ್ಷಣ ಮತ್ತೆ ಡಿಸ್ಕ್‌ನಿಂದ ಓದುತ್ತಾ ಕೂತರೆ ಯಂತ್ರ ಏದುಸಿರು ಬಿಡದೆ ಇನ್ನೇನು.

ನನಗೆ ನಿಜವಾಗಿ ಕೈ ಹಿಡಿದದ್ದು ಝಡ್‌ರ‍್ಯಾಮ್. ಸ್ವಾಪ್ ಆಗಬೇಕಾದ ಡೇಟಾವನ್ನು ಡಿಸ್ಕ್‌ಗೆ ಕಳಿಸದೆ, ಕುಗ್ಗಿಸಿ ರ‍್ಯಾಮ್‌ನಲ್ಲೇ ಇಡುತ್ತದೆ. 2014ರಿಂದಲೇ ಕರ್ನಲ್‌ನಲ್ಲಿದೆ, ಫೆಡೋರಾ ಅನ್ನುವ ಇನ್ನೊಂದು ಲಿನಕ್ಸ್‌ನವರು 2020ರಲ್ಲಿ 33ನೇ ಆವೃತ್ತಿಯಿಂದ ಅದನ್ನೇ ಡೀಫಾಲ್ಟ್ ಮಾಡಿದರು. ಮಿಂಟ್‌ನಲ್ಲಿ ಝಡ್‌ರ‍್ಯಾಮ್ ಟೂಲ್ಸ್ ಪ್ಯಾಕೇಜ್ ಹಾಕಿಕೊಂಡೆ, ಗಾತ್ರ ರ‍್ಯಾಮಿನ ಅರ್ಧ, ಕುಗ್ಗಿಸಲು ಝಡ್‌ಎಸ್‌ಟಿಡಿ ಅನ್ನುವ ವಿಧಾನ. ಡಿಸ್ಕ್ ಸ್ವಾಪ್ ಹಾಗೇ ಇದೆ, ಆದರೆ ಆದ್ಯತೆ ಕಡಿಮೆಯಾದ್ದರಿಂದ ಝಡ್‌ರ‍್ಯಾಮ್ ತುಂಬಿದ ಮೇಲಷ್ಟೇ ಅದರ ಸರದಿ. ನನ್ನ ಬಳಕೆಯಲ್ಲಿ ಡೇಟಾ ಸುಮಾರು ಮೂರನೇ ಒಂದು ಭಾಗಕ್ಕೆ ಕುಗ್ಗುತ್ತಿದೆ.

ಇಷ್ಟಾದ ಮೇಲೆ ಸ್ವಾಪಿನೆಸ್ ಇಳಿಸಬಾರದು, ಏರಿಸಬೇಕು. ಕರ್ನಲ್ 5.8ರಿಂದ 200ರ ತನಕ ಹೋಗಬಹುದು. ಫೈಲ್ ಓದುವುದಕ್ಕಿಂತ ಸ್ವಾಪ್ ಎರಡು ಪಟ್ಟು ವೇಗವಾಗಿದ್ದರೆ 133 ಇಡಿ ಅಂತ ಕರ್ನಲ್‌ನ ಕೈಪಿಡಿಯಲ್ಲೇ ಲೆಕ್ಕ ಇದೆ. ಹಾರ್ಡ್ ಡಿಸ್ಕ್ ಮುಂದೆ ಝಡ್‌ರ‍್ಯಾಮ್ ಅದಕ್ಕಿಂತ ಎಷ್ಟೋ ಮುಂದೆ, ಹಾಗಾಗಿ ನಾನು 150 ಇಟ್ಟೆ. ಪೇಜ್ ಕ್ಲಸ್ಟರ್ ಅನ್ನುವ ಇನ್ನೊಂದು ಸೆಟ್ಟಿಂಗ್ 3 ಇತ್ತು, ಅಂದರೆ ಸ್ವಾಪ್‌ನಿಂದ ಒಂದು ಪುಟ (ಮೆಮೊರಿಯ ಸಣ್ಣ ತುಂಡು) ಕೇಳಿದರೆ ಒಟ್ಟು 8 ಪುಟ ಎತ್ತಿಕೊಂಡು ಬರುತ್ತದೆ. ಡಿಸ್ಕ್‌ಗೆ ಅದು ಸರಿ, ಇಲ್ಲಿ ಸುಮ್ನೆ ದಂಡ. 0 ಮಾಡಿದೆ.

ಈಗ ಹತ್ತು ಹನ್ನೆರಡು ಟ್ಯಾಬ್ ತೆರೆದರೂ ಮೌಸ್ ನಿಲ್ಲುವುದಿಲ್ಲ. ಎರಡೂ ಸಂಖ್ಯೆಗಳನ್ನು ಕರ್ನಲ್ ಸೆಟ್ಟಿಂಗ್‌ಗಳನ್ನು ಇಡುವ ಸಿಸ್‌ಸಿಟಿಎಲ್ ಫೈಲ್‌ನಲ್ಲಿ ಬರೆದಿಡಿ, ಇಲ್ಲದಿದ್ದರೆ ರೀಬೂಟ್ ಆದ ತಕ್ಷಣ ಹಳೆಯದಕ್ಕೇ ಹೋಗುತ್ತವೆ.