ಅಪ್ಪನ ನೆಗಡಿ

ಮಂಗಳವಾರ, 14 ಅಕ್ಟೋಬರ್ 2025

ಅಪ್ಪನಿಗೆ ನೆಗಡಿ. ಬೇರೆ ಮನೆಗಳಲ್ಲಿ ಇದನ್ನು ಯಾರೂ ದಿನಚರಿಯಲ್ಲಿ ಬರೆದಿಡುವುದಿಲ್ಲ. ನಮ್ಮಲ್ಲಿ ಸಂಜೆಯೆಲ್ಲ ಇದರ ಮೇಲೆಯೇ ವಾದ ನಡೆಯಿತು.

ಶುರುವಾದದ್ದು ಅಕ್ಕನ ಫೋನಿನಿಂದ. ಅವಳ ಮನೆಯಲ್ಲಿ ಯಾರಿಗೋ ಬರೆದುಕೊಟ್ಟ ಅಜಿತ್ರೊಮೈಸಿನ್ ಮಿಕ್ಕಿದೆಯಂತೆ, ಕಳಿಸಲೇ ಎಂದಳು. ನೆಗಡಿ ವೈರಸ್ಸಿನದು, ಆಂಟಿಬಯಾಟಿಕ್‌ಗೆ ಬಗ್ಗುವಂಥದ್ದಲ್ಲ. ಅದಿರಲಿ, ಎದೆಬಡಿತದ ಲಯ ತಿದ್ದುವ ಅಮಿಯೊಡರೋನ್ ನುಂಗುವ ಅಪ್ಪನಿಗೆ ಅದು ಬೇಡವೆನ್ನಲು ಇನ್ನೂ ದೊಡ್ಡ ಕಾರಣವಿದೆ. ಇಸಿಜಿಯಲ್ಲಿ ಕ್ಯೂಟಿ ಎಂದು ಅಳೆಯುತ್ತಾರಲ್ಲ, ಆ ಅವಧಿಯನ್ನು ಎರಡೂ ಹಿಗ್ಗಿಸುತ್ತವೆ. ಅದು ಮಿತಿಮೀರಿದರೆ ಹೃದಯದ ಕೆಳಗಿನ ಕೋಣೆಗಳೇ ಲಯಗೆಡಬಹುದು. ಅಪ್ಪನಿಗಿರುವ ಏಟ್ರಿಯಲ್ ಫಿಬ್ರಿಲೇಷನ್‌ಗಿಂತ, ಅಂದರೆ ಮೇಲಿನ ಕೋಣೆಗಳು ಲಯಗೆಡುವುದಕ್ಕಿಂತ, ಅದು ಬಹಳ ಕೆಟ್ಟದ್ದು.

ಅಕ್ಕ ಸುಮ್ಮನಾದಳು. ಅಪ್ಪ ಆಗಲಿಲ್ಲ.

"ಅದು ಬೇಡ, ಸರಿ. ಮೂಗು ಕಟ್ಟಿದ್ದಕ್ಕೆ ಒಂದು ಮಾತ್ರೆಯಾದರೂ ಕೊಡು."

ಮಾತ್ರೆಯ ಹಾಳೆಯ ಬೆನ್ನು ತಿರುಗಿಸಿ ಓದಿದೆ. ಸೂಡೊಎಫೆಡ್ರಿನ್. ಮೂಗಿನ ರಕ್ತನಾಳಗಳನ್ನು ಬಿಗಿಯುವ ಔಷಧ ಮೂಗಿಗಷ್ಟೇ ಸೀಮಿತವಾಗಿರುವುದಿಲ್ಲ, ಎದೆಬಡಿತವನ್ನೂ ರಕ್ತದೊತ್ತಡವನ್ನೂ ಏರಿಸಬಲ್ಲದು. ಮೈಕೈ ನೋವಿಗೆಂದು ಅದರಲ್ಲೇ ಐಬುಪ್ರೊಫೆನ್ ಬೇರೆ! ಅಪ್ಪನ ಹಾಗೆ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುವವರಿಗೆ ಅದರಿಂದ ರಕ್ತಸ್ರಾವದ ಭಯ. ಬೇಡ ಎಂದೆ.

"ಹಾಗಾದರೆ ನೆಗಡಿ ಹೋಗುವ ತನಕ ಆ ಅಮಿಯೊಡರೋನನ್ನೇ ಬಿಟ್ಟಿರುತ್ತೇನೆ. ಎದೆಬಡಿತ ಈಗ ಸರಿಯಾಗಿಯೇ ಇದೆಯಲ್ಲ."

"ಸರಿಯಾಗಿರುವುದೇ ಅದರಿಂದ ಅಪ್ಪಾ. ಮತ್ತೆ, ನೀವು ಬಿಟ್ಟರೂ ಅದು ನಿಮ್ಮನ್ನು ಬಿಡುವುದಿಲ್ಲ. ಮೈಯ ಕೊಬ್ಬಿನಲ್ಲಿ ಸೇರಿಕೊಂಡು ವಾರಗಟ್ಟಲೆ, ತಿಂಗಳುಗಟ್ಟಲೆ ಉಳಿಯುತ್ತದೆ."

"ಒಳ್ಳೆಯ ನೆಂಟನನ್ನೇ ತಂದಿಟ್ಟಿದ್ದೀಯ."

ಇಬ್ಬರೂ ನಕ್ಕೆವು. ಅಮಿಯೊಡರೋನ್ ವಾರ್ಫರಿನ್ನಿನ ಬಲವನ್ನು ಹೆಚ್ಚಿಸುವುದರಿಂದ ವೈದ್ಯರು ವಾರ್ಫರಿನ್ ಪ್ರಮಾಣವನ್ನು ಇಳಿಸಿ, ರಕ್ತ ಎಷ್ಟು ನಿಧಾನವಾಗಿ ಹೆಪ್ಪುಗಟ್ಟುತ್ತದೆಂದು ತೋರಿಸುವ ಐಎನ್‌ಆರ್ ಎಂಬ ಅಳತೆ 2 ಮತ್ತು 3ರ ನಡುವೆ ನಿಲ್ಲುವಂತೆ ಹೊಂದಿಸಿದ್ದಾರೆ, ಒಂದನ್ನು ನಾವಾಗಿಯೇ ಕದಲಿಸಿದರೆ ಇನ್ನೊಂದರ ಲೆಕ್ಕವೂ ತಪ್ಪುತ್ತದೆ ಎಂದು ವಿವರಿಸಿದೆ. ಅಪ್ಪ ಕೇಳಿಸಿಕೊಂಡರೋ ಇಲ್ಲವೋ. ನೆಂಟನ ಮಾತನ್ನು ಅಮ್ಮನಿಗೆ ಹೇಳಲು ಎದ್ದುಹೋದರು.

ಲಯ ತಿದ್ದುವ ಔಷಧವೇ ಲಯ ಕೆಡಿಸಬಲ್ಲದು ಎಂಬುದು ಓದಿದಾಗಿನಿಂದ ತಲೆಯಲ್ಲಿ ಕೊರೆಯುತ್ತಿದೆ. ಕಾಸ್ಟ್ ಎಂಬ ಪ್ರಯೋಗದ ಫಲಿತಾಂಶ 1989ರಲ್ಲಿ ಹೊರಬಂದಿತ್ತು. ಹೃದಯಾಘಾತದಿಂದ ಉಳಿದುಕೊಂಡವರಿಗೆ ಫ್ಲೆಕೈನೈಡ್, ಎನ್‌ಕೈನೈಡ್ ಕೊಟ್ಟಿದ್ದರು. ಅಡ್ಡಾದಿಡ್ಡಿ ಬಡಿತಗಳೇನೋ ಅಡಗಿದವು. ಸತ್ತವರು ಮಾತ್ರ ಹುಸಿಮಾತ್ರೆ ನುಂಗಿದವರಿಗಿಂತ ಈ ಗುಂಪಿನಲ್ಲೇ ಹೆಚ್ಚು. ಇಸಿಜಿ ಚೆನ್ನಾಗಿದೆ ಎಂದು ಯಾರಾದರೂ ಹೇಳಿದರೆ ನಾನು ಪೂರ್ತಿ ಹಿಗ್ಗದಿರುವುದು ಇದಕ್ಕೇ. ಇದನ್ನು ಅಪ್ಪನಿಗೆ ಹೇಳಿಲ್ಲ. ಹೇಳಿದರೆ ಮಾತ್ರೆ ಬಿಡಲು ಇನ್ನೊಂದು ನೆಪ ಸಿಕ್ಕೀತು.

ಮೂಗಿಗೆ ಉಪ್ಪುನೀರಿನ ಹನಿ ಹಾಕಿದೆ. ಮಲಗಿದರು.

ರಾತ್ರಿ ಅಕ್ಕ ಮತ್ತೆ ಫೋನ್ ಮಾಡಿ ಕೆಮ್ಮು ಹೇಗಿದೆ ಎಂದಳು. ನೆಗಡಿಯ ಜೊತೆಗೆ ಬಂದದ್ದು, ಅದರ ಜೊತೆಗೇ ಹೋಗುತ್ತದೆ ಎಂದೆ.

"ಇಲ್ಲವಲ್ಲೋ, ಹೋದ ತಿಂಗಳು ನಾನು ಬಂದಾಗಲೇ ಒಣಕೆಮ್ಮು ಇತ್ತಲ್ಲ."

ಇತ್ತೇ? ಥೈರಾಯ್ಡ್, ಯಕೃತ್ತಿನ ಪರೀಕ್ಷೆಗಳನ್ನು ಆರಾರು ತಿಂಗಳಿಗೊಮ್ಮೆ ಮರೆಯದೆ ಮಾಡಿಸುತ್ತೇವೆ. ಅಮಿಯೊಡರೋನ್ ಕೆಲವರಲ್ಲಿ ಶ್ವಾಸಕೋಶಕ್ಕೂ ಕೈಹಾಕುತ್ತದೆ. ಒಣಕೆಮ್ಮು, ಏದುಸಿರು ಅದರ ಸುಳಿವುಗಳು. ನೆಗಡಿಯ ಕೆಮ್ಮೇ ಇರಬಹುದು. ಆದರೆ ಅಪ್ಪ ಈಚೆಗೆ ಮೆಟ್ಟಿಲು ಹತ್ತುವಾಗ ನಡುವೆ ನಿಂತು ಕನ್ನಡಕ ಒರೆಸುತ್ತಾರೆ. ಕನ್ನಡಕ ಒರೆಸಲೆಂದೇ ನಿಲ್ಲುತ್ತಾರೆಂದು ನಾವೆಲ್ಲ ಅಂದುಕೊಂಡಿದ್ದೆವು.

ಬೆಳಿಗ್ಗೆ ಮೊದಲು ವೈದ್ಯರಿಗೆ ಫೋನ್ ಮಾಡಬೇಕು. ಎದೆಯ ಎಕ್ಸ್‌ರೇ ಕೊನೆಯ ಸಲ ಯಾವಾಗ ತೆಗೆಸಿದ್ದೆಂದು ಕೇಳುತ್ತಾರೆ, ಹಳೆಯ ಕಡತ ಹುಡುಕಬೇಕು. ಉಸಿರು ಕಟ್ಟುತ್ತದೆಯೇ ಎಂದು ಅಪ್ಪನನ್ನೇ ಕೇಳಿ ಪ್ರಯೋಜನವಿಲ್ಲ, ಇಲ್ಲ ಎನ್ನುತ್ತಾರೆ. ಅಮ್ಮನನ್ನು ಕೇಳಬೇಕು, ಆದರೆ ಅಮ್ಮ ಗಾಬರಿಯಾಗದ ಹಾಗೆ ಕೇಳುವುದು ಹೇಗೆಂದು