"ಆಟೊಮೇಟಾ ಥಿಯರಿ ಎಲ್ಲಿ ಕೆಲಸಕ್ಕೆ ಬರುತ್ತೆ ಮೇಡಂ?"

ಪ್ರತಿ ಸೆಮಿಸ್ಟರ್‌ನಲ್ಲೂ ಯಾರಾದರೊಬ್ಬ ವಿದ್ಯಾರ್ಥಿ ಇದನ್ನು ಕೇಳಿಯೇ ಕೇಳುತ್ತಾರೆ. ಅಕ್ಷರಗಳನ್ನು ಒಂದೊಂದಾಗಿ ಓದಿ ಗುರುತಿಸುವ ಕಾಲ್ಪನಿಕ ಯಂತ್ರಗಳ ಪಾಠ ಅದು. ನಾನು ಬೋರ್ಡ್ ಮೇಲೆ ಹಹಹ* ಎಂದು ಬರೆಯುತ್ತೇನೆ.

ವಾಟ್ಸಾಪ್‌ನಲ್ಲಿ ಒಬ್ಬರು ಹಹ ಅಂತ ನಗುತ್ತಾರೆ, ಇನ್ನೊಬ್ಬರು ಹಹಹಹಹ. ಎಲ್ಲ ನಗುವನ್ನೂ ಒಟ್ಟಿಗೆ ಹುಡುಕಲು ಇಷ್ಟು ಸಾಕು. ಹಿಂದಿನ ಅಕ್ಷರ ಎಷ್ಟು ಸಲ ಬಂದರೂ ಸರಿ, ಬರದಿದ್ದರೂ ಸರಿ ಅನ್ನುತ್ತದೆ ಆ ಸ್ಟಾರ್ ಗುರುತು. ಇದನ್ನು ಗುರುತಿಸುವ ಯಂತ್ರ ನೆನಪಿಡಬೇಕಾದ್ದೂ ಸ್ವಲ್ಪವೇ: ಇನ್ನೂ ಏನೂ ಬಂದಿಲ್ಲ, ಒಂದು ಹ ಬಂತು, ಎರಡೋ ಜಾಸ್ತಿಯೋ ಬಂತು. ಬೇರೆ ಅಕ್ಷರ ಬಂದರೆ ಅಲ್ಲಿಗೆ ಕೈಬಿಡುತ್ತದೆ. ನೂರು ಹ ಬಂದರೂ ಅದು ಎಣಿಸುವುದಿಲ್ಲ.

ಆ ಸ್ಟಾರ್ ಅಮೆರಿಕದ ಗಣಿತಜ್ಞ ಸ್ಟೀಫನ್ ಕೋಲ್ ಕ್ಲೇನಿ ಅವರದು. (ಕ್ಲಾಸಿನಲ್ಲಿ ಎಲ್ಲರೂ ಕ್ಲೀನ್ ಅಂತಾರೆ, ಅವರು ತಮ್ಮ ಹೆಸರನ್ನು ಕ್ಲೇನಿ ಅಂತಲೇ ಹೇಳುತ್ತಿದ್ದರು.) ತರ್ಕಶಾಸ್ತ್ರಜ್ಞ ಅಲಾಂಜೊ ಚರ್ಚ್ ಅವರ ಶಿಷ್ಯ, ವಿಸ್ಕಾನ್ಸಿನ್‌ನಲ್ಲಿ ಮೇಷ್ಟ್ರು. 1951ರ ಬೇಸಿಗೆಯಲ್ಲಿ ರ‍್ಯಾಂಡ್ ಸಂಶೋಧನಾ ಸಂಸ್ಥೆಯಲ್ಲಿದ್ದಾಗ ಅವರ ಮುಂದಿದ್ದದ್ದು ಮಿದುಳಿನ ವಿಷಯ. ನರಕೋಶವನ್ನು ಆನ್ ಇಲ್ಲವೇ ಆಫ್ ಇರುವ ಸ್ವಿಚ್ಚಿನ ಹಾಗೆ ನೋಡಿದ್ದ ಮೆಕಲಾಕ್ ಮತ್ತು ಪಿಟ್ಸ್ ಅವರ 1943ರ ಲೇಖನ ಅದು. ಇಂಥ ಕೋಶಗಳ ಬಲೆ ಏನೇನನ್ನು ಗುರುತಿಸಬಲ್ಲದು? ಕ್ಲೇನಿ ಹಿಡಿದುಕೊಂಡ ಪ್ರಶ್ನೆ ಇಷ್ಟೇ.

ಅವರ ಉತ್ತರ ನನಗೆ ಇವತ್ತಿಗೂ ರೋಮಾಂಚನ ತರುತ್ತದೆ. ಒಂದಾದ ಮೇಲೆ ಒಂದು, ಇದು ಇಲ್ಲವೇ ಅದು, ಮತ್ತೆ ಮತ್ತೆ. ಈ ಮೂರರಿಂದ ಬರೆಯಲಾಗುವುದನ್ನೆಲ್ಲ ಇಂಥ ಯಂತ್ರ ಗುರುತಿಸುತ್ತದೆ. ಯಂತ್ರ ಗುರುತಿಸುವುದನ್ನೆಲ್ಲ ಈ ಮೂರರಿಂದಲೇ ಬರೆಯಬಹುದು. ಯಂತ್ರ ಕಟ್ಟುವುದೂ ಒಂದು ಸಾಲು ಬರೆಯುವುದೂ ಒಂದೇ ಆಯಿತು, ಅಲ್ವಾ? ಇದು ಅಚ್ಚಾದದ್ದು 1956ರಲ್ಲಿ. 1968ರಲ್ಲಿ ಕೆನ್ ಥಾಂಪ್ಸನ್ ಅಂಥ ಸಾಲನ್ನೇ ಐಬಿಎಂ 7094 ಕಂಪ್ಯೂಟರಿನ ಪ್ರೋಗ್ರಾಮಾಗಿ ಬದಲಿಸಿ, ಅಕ್ಷರ ಹುಡುಕುವ ಕೆಲಸಕ್ಕೆ ಹಚ್ಚಿದರು. ಯೂನಿಕ್ಸ್‌ನ ಪಠ್ಯ ಹುಡುಕುವ ಗ್ರೆಪ್ ಕಮಾಂಡ್ ಬಂದದ್ದೂ ಈ ದಾರಿಯಲ್ಲೇ.

ಇನ್ನೊಂದು ಉಪಯೋಗ ನನಗೆ ಹೆಚ್ಚು ಮುಖ್ಯ: ಯಾವುದು ಆಗುವುದಿಲ್ಲ ಅಂತ ಮೊದಲೇ ತಿಳಿಯುವುದು. ಒಂದರೊಳಗೊಂದು ಎಷ್ಟು ಆಳಕ್ಕಾದರೂ ಹೋಗುವ ಬ್ರಾಕೆಟ್‌ಗಳು ಸರಿಯಾಗಿ ಮುಚ್ಚಿವೆಯಾ ಅಂತ ಈ ಮೂರರಿಂದ ಹೇಳಲು ಆಗುವುದೇ ಇಲ್ಲ. ತೆರೆದದ್ದೆಷ್ಟು ಅಂತ ಎಣಿಸಬೇಕು, ನಮ್ಮ ಯಂತ್ರ ಎಣಿಸುವುದಿಲ್ಲ. ಪ್ರಾಜೆಕ್ಟ್‌ನಲ್ಲಿ ಹೀಗೇ ಬ್ರಾಕೆಟ್ ಹಿಡಿಯಲು ಹೋಗಿ ಒಬ್ಬ ಹುಡುಗ ಎರಡು ವಾರ ಪ್ಯಾಟರ್ನ್ ತಿದ್ದುತ್ತಾ ಕೂತಿದ್ದ. ಅವನ ಪಕ್ಕ ಕೂತು ನಾನು ಮತ್ತೆ ಹಹಹ* ಬರೆದೆ. ಅವನು ಸ್ವಲ್ಪ ಹೊತ್ತು ಅದನ್ನೇ ನೋಡಿ, "ಹಾಗಾದ್ರೆ ತೆರೆದದ್ದನ್ನ ಒಂದರ ಮೇಲೊಂದು ಪೇರಿಸಿಡೋಕೆ ಒಂದು ಸ್ಟ್ಯಾಕ್ ಬೇಕು ಮೇಡಂ" ಅಂದ.