‘ಬೋರ್ ಆಯ್ತು’ ಅಂದವರನ್ನು ಇನ್ನೊಂದು ಮಾತು ಕೇಳಿ

ಶಿರಸಿ ಸುತ್ತಲಿನ ಊರುಗಳಲ್ಲಿ ಸಿನಿಮಾ ಪ್ರದರ್ಶನ ಇದ್ದರೆ ಪ್ರೊಜೆಕ್ಟರ್, ಪರದೆ, ಸೌಂಡ್ ಹಾಕಿಕೊಡೋದು ನನ್ನ ಕೆಲಸ. ಯಕ್ಷಗಾನಕ್ಕೂ ಮೈಕ್ ಕಟ್ಟುತ್ತೇನೆ. ಹಳ್ಳಿ ಬದುಕಿನ ಮೇಲಿನ ಒಂದು ನಿಧಾನದ ಸಿನಿಮಾವನ್ನು ಹೋದ ವರ್ಷದಿಂದ ಬೇರೆ ಬೇರೆ ಊರಲ್ಲಿ ಹಾಕುತ್ತಿದ್ದೇನೆ. ಎಲ್ಲ ಕಡೆ ಜನ ಎರಡು ಪಾಲು. ಕೆಲವರು ಕಣ್ಣೊರೆಸಿಕೊಂಡು ಹೊರಗೆ ಬರುತ್ತಾರೆ. ಇನ್ನು ಕೆಲವರು ಕವಳ (ಎಲೆ-ಅಡಿಕೆ) ಹಾಕೋಕೆ ಅಂತ ಅರ್ಧಕ್ಕೇ ಎದ್ದು ಹೋದವರು ವಾಪಸ್ ಬರೋದೇ ಇಲ್ಲ.

ಅದರಲ್ಲೊಂದು ದೃಶ್ಯ ಇದೆ. ಒಬ್ಬ ಹೆಂಗಸು ಒಲೆ ಮುಂದೆ ಕೂತು ಅಡಿಕೆ ಬೇಯಿಸುತ್ತಿದ್ದಾಳೆ. ಕ್ಯಾಮೆರಾ ಅಲ್ಲಾಡೋದಿಲ್ಲ, ಯಾರೂ ಮಾತಾಡೋದಿಲ್ಲ. ತುಂಬ ಹೊತ್ತಾದ ಮೇಲೆ ಮಾಡಿನ ಹೆಂಚಿನ ಮೇಲೆ ಟಪ್ ಅಂತ ಒಂದು ಹನಿ, ಆಮೇಲೆ ಇನ್ನೊಂದು. ಅವಳು ದಡಕ್ಕನೆ ಎದ್ದು ಓಡುತ್ತಾಳೆ. ಅಂಗಳದಲ್ಲಿ ಅಡಿಕೆ ಒಣಹಾಕಿದೆ! ಕೊಯ್ಲಿನ ಹೊತ್ತಲ್ಲಿ ಮಳೆ ಬಿದ್ದರೆ ಏನಾಗುತ್ತದೆ ಅಂತ ನಮ್ಮ ಕಡೆ ಯಾರಿಗೂ ಹೇಳಬೇಕಾಗಿಲ್ಲ, ಬೂಷ್ಟು ಹಿಡಿದರೆ ದರ ಹೋಯಿತು ಅಂತಲೇ ಲೆಕ್ಕ.

ಒಂದು ಸೊಸೈಟಿಯ ಸಭಾಂಗಣದಲ್ಲಿ ಸೆಕೆ ಅಂತ ಫ್ಯಾನೆಲ್ಲ ಜೋರಾಗಿ ತಿರುಗುತ್ತಿದ್ದವು. ಸಿನಿಮಾ ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬ, "ಅವಳು ಯಾಕೆ ಸುಮ್ನೆ ಎದ್ದು ಓಡಿದ್ದು ಮಾರಾಯ್ರೆ? ಈ ಸಿನಿಮಾದಲ್ಲಿ ಏನೂ ಆಗೋದೇ ಇಲ್ವಲ್ಲ" ಅಂದ. ಮುಂದೆ ಕೂತವರಿಗೆ ಆ ಹನಿ ಕೇಳಿಸಿತ್ತು. ಅವನು ನೋಡಿದ ಸಿನಿಮಾದಲ್ಲಿ ಮಳೆಯೇ ಇರಲಿಲ್ಲ.

ಮಾತು ಜಾಸ್ತಿ ಇರೋ ಸಿನಿಮಾ ಆದರೆ ಫ್ಯಾನಿನ ಸದ್ದನ್ನೂ ದಾಟಿ ಕಥೆ ತಲುಪುತ್ತದೆ. ಇಂಥದ್ದರಲ್ಲಿ ಕಥೆ ಇರೋದೇ ಸಣ್ಣ ಸದ್ದಿನಲ್ಲಿ. ಅದೂ ಅಲ್ಲದೆ 5.1 ಧ್ವನಿಯ, ಅಂದರೆ ಮುಂದೆ, ಮಧ್ಯ, ಹಿಂದೆ ಅಂತ ಸದ್ದನ್ನು ಬೇರೆ ಬೇರೆ ಚಾನೆಲ್ಲಿನಲ್ಲಿ ಇಟ್ಟಿರೋ ಫೈಲನ್ನು ಎರಡೇ ಸ್ಪೀಕರ್ ಬಾಕ್ಸಿನಲ್ಲಿ ಕೇಳಿಸುವಾಗ ಎರಡು ಚಾನೆಲ್ಲಿಗೆ ಸರಿಯಾಗಿ ಇಳಿಸಿಕೊಳ್ಳದಿದ್ದರೆ ಮಧ್ಯದ ಚಾನೆಲ್ಲಿನ ಮಾತು, ಹಿಂದಿನ ಚಾನೆಲ್ಲುಗಳ ಮಳೆ, ಜೀರುಂಡೆ ಎಲ್ಲ ಮಾಯ. ಹಾಗಾಗಿ ಜನ ಬರೋ ಮೊದಲೇ ಆ ದೃಶ್ಯ ಹಾಕಿ, ಕೊನೆಯ ಸಾಲಿನಲ್ಲಿ ಕೂತು ಕೇಳುತ್ತೇನೆ. ಹನಿ ಕೇಳದಿದ್ದರೆ ಫ್ಯಾನ್ ಕಡಿಮೆ ಮಾಡಿಸುತ್ತೇನೆ, ಕುರ್ಚಿ ಮುಂದಕ್ಕೆ ಎಳೆಸುತ್ತೇನೆ. ಕಿಟಕಿಗೆ ಕಪ್ಪು ಬಟ್ಟೆ ಕಟ್ಟೋದು ಇದ್ದದ್ದೇ.

ಇಷ್ಟು ಮಾಡಿದರೂ ಎಲ್ಲರಿಗೂ ಹಿಡಿಸೋದಿಲ್ಲ. ಆದರೆ ಆಮೇಲೆ ಬರೋ ಮಾತು ಬೇರೆ. ಅಡಿಕೆ ಸುಲಿಯೋಕೆ ಹೋಗುವ ಅಕ್ಕ ಒಬ್ಬರು, "ತಮಾ, ಅವಳ ಬೆರಳು ನೋಡಿದ್ಯಾ? ಕರೆ ಹತ್ತಿದ ಕೈ. ನಿಜವಾಗಿ ಸುಲಿದವಳೇ ಸೈ" ಅಂದರು. ಅಲ್ಲೇ ಇದ್ದ ತೋಟದ ಯಜಮಾನರೊಬ್ಬರಿಗೆ ಸಿಟ್ಟು. "ದಿನಾ ಮನೇಲಿ ಮಾಡೋದನ್ನೇ ಇಲ್ಲಿ ಬಂದು ನೋಡಬೇಕಾ? ನಮ್ಮ ಮನೇಲಿ ನಗುವೂ ಇದೆ, ಅದೆಲ್ಲಿ ಹೋಯಿತು?" ನನಗೆ ಅದು ತೂಕದ ಪ್ರಶ್ನೆ ಅನಿಸಿತು. ಮಂಡ್ಯ ಕಡೆಯ ಹಳ್ಳಿಯ ಜನರನ್ನೇ ಹಾಕಿ ಮಾಡಿದ ‘ತಿಥಿ’ 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಬಹುಮಾನ ತಗೊಂಡಿತು, ಅದರಲ್ಲಿ ನಗು ಬೇಕಾದಷ್ಟಿದೆ.

ನನಗೆ ಬೇಜಾರಾಗೋದು ಆಯೋಜಕರು "ಇದನ್ನು ನೋಡೋಕೆ ಅಭಿರುಚಿ ಬೇಕು" ಅಂದಾಗ. ಇಲ್ಲೇ ಪಕ್ಕದ ಹೆಗ್ಗೋಡಿನಲ್ಲಿ ನಾಟಕದ ಸಂಸ್ಥೆ ನೀನಾಸಮ್‌ನವರು 1973ರಲ್ಲೇ ಚಿತ್ರಸಮಾಜ ಶುರು ಮಾಡಿ ಹಳ್ಳಿಯವರಿಗೆ ಒಳ್ಳೆಯ ಸಿನಿಮಾ ತೋರಿಸಿದ್ದಾರೆ. ಉತ್ತರ ಕನ್ನಡದವರೇ ಆದ ನಟೇಶ್ ಹೆಗಡೆ ಅವರ ‘ಪೆದ್ರೊ’ 2021ರಲ್ಲಿ ದಕ್ಷಿಣ ಕೊರಿಯಾದ ಬೂಸಾನ್ ಚಿತ್ರೋತ್ಸವದಲ್ಲಿತ್ತು, ಅದರ ಮುಖ್ಯ ಪಾತ್ರದಲ್ಲಿ ಇರೋದು ಅವರ ತಂದೆ. ಮಾಡೋರೂ ನಮ್ಮವರೇ ಆದಮೇಲೆ ನೋಡೋರಿಗೆ ಯೋಗ್ಯತೆ ಇಲ್ಲ ಅನ್ನೋದು ಹೇಗೆ? ರಾತ್ರಿಯಿಡೀ ಯಕ್ಷಗಾನದ ಆಟ ನೋಡೋ ಜನ ಇವರು. ಅಲ್ಲಿ ಪ್ರಸಂಗದ ಕಥೆ ಮೊದಲೇ ಗೊತ್ತಿರುತ್ತದೆ, ಚಹಾ ಕುಡಿದು ಬಂದರೂ ಏನೂ ತಪ್ಪೋದಿಲ್ಲ. ಇಲ್ಲಿ ಎದ್ದು ಹೋದರೆ ಆ ಹನಿ ತಪ್ಪಿತು. ಅದನ್ನು ಶುರುವಿನಲ್ಲೇ ಹೇಳಿದರೆ ಸಾಕು, ಪ್ರಶಸ್ತಿಗಳ ಪಟ್ಟಿ ಓದೋದು ಬೇಡ.

ಮುಗಿದ ಮೇಲೆ "ಹೇಗಿತ್ತು?" ಅಂತ ಕೇಳಬೇಡಿ, ಚೆನ್ನಾಗಿತ್ತು ಅಥವಾ ಬೋರ್, ಎರಡರಲ್ಲೊಂದು ಬರುತ್ತದೆ. ಯಾವ ದೃಶ್ಯ ನೆನಪಿದೆ ಅಂತ ಕೇಳಿ. ಬೋರ್ ಅಂದವರೇ ಒಲೆ, ಹೊಗೆ, ಕೈ ಎಲ್ಲ ಬಿಡಿಸಿ ಹೇಳುತ್ತಾರೆ. ಹಾಂ, ಇನ್ನೊಂದು. ತಗಡಿನ ಮಾಡಿನ ಸಭಾಂಗಣದಲ್ಲಿ ಮಳೆಗಾಲಕ್ಕೆ ಇಂಥ ಸಿನಿಮಾ ಇಡಬೇಡಿ, ಎಷ್ಟೇ ದೊಡ್ಡ ಬಾಕ್ಸ್ ತಂದರೂ ನಾನು ಏನೂ ಮಾಡೋಕಾಗಲ್ಲ.